ಒಳಗಿನ ಅರಿವಿ

ಕಸೂತಿಗೆ ಬೆನ್ನಿಲ್ಲ ಅಂತ
ಮೊದಲ ದಿನಾನಽ ಕಲಿಸಿದ್ದಳು ಅವ್ವ.
ಗಂಟು ಹಾಕಂಗಿಲ್ಲ, ಗೆರಿ ಬರಿಯಂಗಿಲ್ಲ,
ಎಳಿ ಎಣಿಸಬೇಕು, ಉಸಿರು ಹಿಡಿದು;
ಹೋಗುವಾಗ ಬಿಟ್ಟ ಜಾಗ
ಬರುವಾಗ ತುಂಬಬೇಕು.

ಐವತ್ತೆರಡು ವರ್ಷ ಹೋದೆ, ಬಂದೆ.
ಮಾಳಮಡ್ಡಿಯ ಇದಽ ಕಿಟಕಿಯ ಬೆಳಕಿನಾಗ
ಎಷ್ಟು ಗೋಪುರ ಎತ್ತಿದೆ, ಎಷ್ಟು ಆನಿ ನಡೆಸಿದೆ,
ಲೆಕ್ಕ ಕಣ್ಣಿಗೆ ಗೊತ್ತು,
ಕಣ್ಣಿನ ಡಾಕ್ಟರಿಗೆ ಇನ್ನೂ ಚೊಲೊ ಗೊತ್ತು.

ಜುಲೇಖಾಬಿ ಬಂದದ್ದು ಒಂದು ಮಂಗಳವಾರ,
ಕಲಘಟಗಿ ಬಸ್ಸಿಳಿದು, ತಲಿಮ್ಯಾಲೆ ಚಿಂದಿಗಂಟು.
ಸೂಜಿಯ ಜೋಡಿ ಕೊಂಕಣಿ, ನನ್ನ ಜೋಡಿ ಕನ್ನಡ,
ಮೊಬೈಲಿನ ಜೋಡಿ ಉರ್ದು.
ಅವಳ ಮುತ್ತಜ್ಜಿಯ ಮುತ್ತಜ್ಜಿ ಹಡಗಿನ್ಯಾಗ ಬಂದಾಕಿ,
ಮಾರಾಟದ ಮಂದಿಯೊಳಗ ಒಬ್ಬಾಕಿ;
ಯಾವುದೋ ರಾತ್ರಿ ಧಣಿಯ ಮನಿ ಬಿಟ್ಟು ಘಟ್ಟದ ಕಾಡಿಗೆ ಓಡಿದಾಗ
ಮೈಮ್ಯಾಲಿನ ಅರಿವಿ ಒಂದಽ ಇತ್ತಂತ.
'ಅದೂ ಹರಿದಿತ್ರಿ. ಅಲ್ಲಿಂದ ಸುರು ನಮ್ಮ ಕೌದಿ'
ಅಂದಳು, ಎಲಿ ಉಗುಳಿ ಬಂದು.

ನನ್ನ ಕಸೂತಿ ಕೈಗೆ ತಗೊಂಡಳು.
ಹೊರಳಿಸಿದಳು. ಮತ್ತ ಹೊರಳಿಸಿದಳು.
'ಖರೇನಽ ಎರಡೂ ಕಡೆ ಒಂದಽ ಐತ್ರಿ, ಅಕ್ಕಾರ.
ಹಂಗಾರ ಹರಕು ಮುರುಕು
ಎಲ್ಲಿ ಮುಚ್ಚಿಡ್ತೀರಿ?'

ನಾ ಚಾ ಮಾಡಲಿಕ್ಕೆ ಎದ್ದೆ.

ಮೊಮ್ಮಗಳಿಗೊಂದು ಕೌದಿ ಬೇಕಿತ್ತು.
ಟ್ರಂಕಿನ ತಳದಾಗ ಅವ್ವನ ಚಂದ್ರಕಾಳಿ:
ಏಳು ತಿಂಗಳ ಬಸುರ್ಯಾಗ ಉಟ್ಟದ್ದು,
ಕರಿ ಒಡಲು, ಸೆರಗಿನ ತುಂಬ ತುಳಸಿಕಟ್ಟಿ, ನವಿಲು,
ಒಂದು ನವಿಲಿನ ಕುತ್ತಿಗಿ ನುಸಿ ತಿಂದಿತ್ತು.
ಮುಂಬಯಿಯಿಂದ ಒಬ್ಬಾಕಿ ಎರಡು ಸಲ ಬಂದು ನೋಡಿ ಹೋಗಿದ್ದಳು,
ಗಾಜಿನೊಳಗ ಇಡತೀವಿ, ಕೆಳಗ ನಿಮ್ಮ ಹೆಸರು ಬರೀತೀವಿ ಅಂತ.
ನಾನಽ ಕತ್ತರಿ ಕೊಟ್ಟೆ ಜುಲೇಖಾಬಿಗೆ.
'ಹಚ್ಚು' ಅಂದೆ. ದನಿ ನಡುಗಿತು.

ಕತ್ತರಿ ತಗೊಂಡು ತೊಡೆ ಕೆಳಗ ಇಟ್ಟಳು ಆಕಿ.
'ಚೊಲೊ ಅರಿವಿ ಒಳಗ ಹೋಗಬೇಕ್ರಿ.
ಮ್ಯಾಲಿಂದು ಬಿಸಿಲಿಗೆ, ಬಂಡಿಗಲ್ಲಿಗೆ.
ಒಳಗಿಂದು ಕೂಸಿಗೆ.'

ಹಂಗಽ ಆತು. ಸೆರಗು ಪೂರಾ, ಒಂದು ಎಳಿ ಹರಿಯದಂಗ,
ನಾಕು ಮಡಿಕಿಯಾಗಿ ಒಳಗ ಹೋತು.
ಮ್ಯಾಲೆ ಅವಳ ತಮ್ಮನ ಲುಂಗಿಯ ಚೌಕುಳಿ,
ನನ್ನ ಮಗಳ ಸಾಲಿಯ ನೀಲಿ ಸ್ಕರ್ಟು,
ತಾಂಡಾದ ಶೇವಂತಿಬಾಯಿಯ ಹಳೆ ಲಂಗದ ತುಂಡು
(ಕನ್ನಡಿ ಬಿಚ್ಚಿ, ಕೂಸಿಗೆ ಚುಚ್ಚತಾವಂತ;
ಬಿಚ್ಚಿದ ಕನ್ನಡಿಯ ಗುಂಡನೆಯ ಗುರುತು ಹಂಗಽ ಉಳಿದಾವ).

ನನಗೂ ಒಂದು ಸೂಜಿ ಕೊಟ್ಟಳು.
ನನ್ನ ಬೆರಳು ಎಳಿ ಹುಡುಕಿದವು.
'ಎಣಿಸಬ್ಯಾಡ್ರಿ, ನಡೀರಿ' ಅಂದಳು.
ನಡೆದೆ. ಸೊಟ್ಟ ನಡೆದೆ.
ಅವಳ ಹೊಲಿಗಿ ಮೂಲಿಯಿಂದ ಮೂಲಿಗೆ ಸುತ್ತಿ
ನಡುವಿನ ಕಡೆ ಬರ್ತಿತ್ತು, ನನ್ನದು ಹಿಂದಿನಿಂದ,
ಸಣ್ಣ ಹುಡುಗಿ ದೊಡ್ಡಾಕಿಯ ಸೆರಗು ಹಿಡಿದಂಗ.

ಮೂಲಿಗೊಂದು ಮುಕ್ಕೋಣದ ಫುಲ ಇಟ್ಟಳು,
ಫುಲ ಇಲ್ಲಂದ್ರ ಕೌದಿ ಬತ್ತಲೆ.
ಕಡೀ ಮೂಲಿ ಮುಚ್ಚುವ ಮುಂದ ರೊಟ್ಟಿ ಬೇಡಿದಳು.
ಹಸದ ಕೌದಿ ಕೂಸಿನ ನಿದ್ದಿ ತಿಂತೈತಿ.
'ಇರುವಿ ಬರತಾವಽ' ಅಂದೆ.
'ಬರಲಿ ಬಿಡ್ರಿ.
ಅವಕ್ಕೂ ದೂರದ ದಾರಿ ಇರತೈತಿ.'

ಈಗ ಅರಗಿನ ಬಣ್ಣದ ತೊಟ್ಟಿಲಿನ್ಯಾಗ
ಕೂಸು ಅದರ ಮ್ಯಾಲೆ ಕಾಲು ಬಡಿತದ.
ರಾತ್ರಿ ಲೈಟು ಆರಿಸಿ ಬೆರಳಿನಲೆ ಹುಡುಕತೇನಿ:
ಒಂದೊಂದು ರಾತ್ರಿ ತುಳಸಿಕಟ್ಟಿಯ ಮೆಟ್ಟಿಲು ಸಿಗತಾವ,
ಒಂದೊಂದು ರಾತ್ರಿ ಬರೇ ಜುಲೇಖಾಬಿಯ ಹೊಲಿಗಿ,
ಮಳಿ ನಿಂತಮ್ಯಾಲೆ ಹೊಲದಾಗ ಉಳಿದ ಸಾಲಿನಂಗ.
ನುಸಿ ತಿಂದ ನವಿಲು ಎಲ್ಲಿ ಮಲಗೇದೋ, ಸಿಕ್ಕಿಲ್ಲ.

ನಿನ್ನೆ ಮುಂಬಯಿಯಾಕಿ ಫೋನು ಮಾಡಿದ್ದಳು,
ಸೀರಿ ಎಲ್ಲದ ಅಂತ ಕೇಳಿದಳು.
ಒಗಿಯಲಿಕ್ಕೆ ಹಾಕೇನಿ ಅಂದೆ.

ಸುಳ್ಳಲ್ಲ.
ಕೂಸು ಬೆಳಿಗ್ಗೆನಽ ತೋಯಿಸಿತ್ತು.